ಒಂಬತ್ತಕ್ಕೆ ಬದಲಾಗಿ ಆರು

ಮೈಸೂರಿನಲ್ಲೇ ಬಾಳಿದವರು ಪ್ರವಾಸದ ನೆನಪಿಗೆಂದು ಮೈಸೂರಿನಲ್ಲೇ ಒಡವೆ ಮಾಡಿಕೊಳ್ಳುವುದು ಹಾಸ್ಯಾಸ್ಪದವೆಂದು ನಾನು ವಾದಿಸಿದೆ.

“ನೀವು ಇನ್ನೆಲ್ಲಿಗೆ ಕರ್ಕೊಂಡು ಹೋಗಿದ್ದೀರ? ಹಳೇ ಕಡತಗಳ ದಫ್ತರಖಾನೆಗಾ?” ಎಂದಳು ಹೆಂಡತಿ.

ಹೀಗಾಗಿ ಸರಸ್ವತಿಪುರಂನಿಂದ ಸಿಟಿ ಬಸ್ಸಿನಲ್ಲಿ ನಮ್ಮ ದೀರ್ಘ ಪ್ರವಾಸ ನಡೆಯಿತು. ನಾವು ತಲುಪಿದ್ದು ಪ್ರವಾಸಿಗರಿಗೆ ಬೆಳ್ಳಿ ಬಳೆ ಮಾಡಲು ಕಲಿಸುವ ಒಂದು ಕಮ್ಮಟಕ್ಕೆ. ಅವಳು ಎರಡು ಗಂಟೆ ಕೂತು ಬೆಳ್ಳಿಯ ಪಟ್ಟಿಯನ್ನು ತಟ್ಟಿ ನಯಗೊಳಿಸಿದಳು. ಅದನ್ನು ಬಾಗಿಸುವ ಮುನ್ನ ನಮ್ಮ ಮದುವೆಯ ತಾರೀಖನ್ನು ಕನ್ನಡ ಅಂಕಿಗಳಲ್ಲಿ ಅಚ್ಚೊತ್ತುವ ಗೌರವ, ಶಾಸನಗಳ ಕಾಲನಿರ್ಣಯದಲ್ಲೇ ತಲೆ ನರೆಸಿಕೊಂಡ ನನಗೆ ದಕ್ಕಿತು.

“ಅಚ್ಚಿನಲ್ಲಿ ಅಂಕಿ ಉಲ್ಟಾ ಇರುತ್ತೆ ಸಾರ್, ನೋಡ್ಕೊಂಡು ಹೊಡೀರಿ,” ಎಂದು ಕಲಿಸುವ ಹುಡುಗಿ ಎಚ್ಚರಿಸಿದಳು. ನಾನಾದರೋ ಗೋಡೆಯ ಮೇಲಿನ ‘ಸಾವಿರ ವರ್ಷಗಳ ಪರಂಪರೆ’ ಎಂಬ ಫಲಕಕ್ಕೆ ಆಧಾರವೇನೆಂದು ವಿಚಾರಿಸುತ್ತಲೇ ಸುತ್ತಿಗೆ ಎತ್ತಿದೆ. ೯ ಬೀಳಬೇಕಾದಲ್ಲಿ ೬ ಬಿತ್ತು.

ಹೆಂಡತಿ ಕನ್ನಡಕ ಸರಿಪಡಿಸಿಕೊಂಡು ಓದಿದಳು. “ಆರನೇ ತಾರೀಖಾ? ಅವತ್ತು ಯಾರನ್ನ ಮದುವೆಯಾಗಿದ್ರಿ?”

ಶಾಸನಗಳಲ್ಲೂ ಇಂಥ ಲಿಪಿಕಾರ ಪ್ರಮಾದಗಳು ಸಾಮಾನ್ಯವೆಂದು ನಾನು ಗಂಭೀರವಾಗಿ ವಿವರಿಸಿದೆ. ಹುಡುಗಿ ಕನಿಕರದಿಂದ ಇನ್ನೊಂದು ಪಟ್ಟಿ ತಂದಳು.

“ಬೇಡ ಕಣಮ್ಮ, ಇದನ್ನೇ ಬಾಗಿಸಿ ಕೊಡು,” ಎಂದು ಹೆಂಡತಿ ಕೈ ಚಾಚಿದಳು. “ಇವರು ಒಂದು ತಾರೀಖಿನಲ್ಲಾದರೂ ತಪ್ಪು ಮಾಡಲಿ ಅಂತ ಮದುವೆಯಾದಾಗಿನಿಂದ ಕಾಯ್ತಿದ್ದೀನಿ.”