ಪೂಜೆಗಿಟ್ಟ ಕತ್ತರಿ

ಪೊಲೀಸರು ನಮ್ಮ ಮನೆಗೆ ಬಂದದ್ದು ಮಹಾನವಮಿಯ ಮಧ್ಯಾಹ್ನ. ಬಂದವನು ಒಬ್ಬನೇ ಪೇದೆ, ಅದೂ ಸೈಕಲ್ಲಿನಲ್ಲಿ. ಆದರೂ ನನ್ನ ನೆನಪು ‘ಪೊಲೀಸರು’ ಎಂದೇ ಹಠ ಹಿಡಿಯುತ್ತದೆ. ಹೆದರಿದವಳ ಕಣ್ಣಿಗೆ ಒಬ್ಬನೇ ಹತ್ತು ಜನರಾಗಿ ಕಾಣುತ್ತಾನೆ.

ಅರವತ್ತರ ದಶಕದ ನಡುವಿನ ಮಾತು. ಉಪ್ಪುಂದದ ಹತ್ತಿರ ಹೆಂಗಸರ ಸಂಘವೊಂದು ನಡೆಸುತ್ತಿದ್ದ ಹೊಲಿಗೆ ತರಗತಿಗೆ ನಾನು ಟೀಚರು. ಅಪ್ಪಯ್ಯ ಕಣ್ಣು ಮಂಜಾಗುವವರೆಗೂ ದರ್ಜಿಯಾಗಿದ್ದವರು. ಅನ್ನ ಕೊಡುವ ಸಾಮಾನು ನವಮಿಯಂದು ಮನೆದೇವರ ಎದುರು ಕೂರಬೇಕು ಎಂಬುದು ಅವರ ಶಾಸ್ತ್ರ. ಕತ್ತರಿಯನ್ನು ಬರಿದಾಗಿ ಇಡಬಾರದು, ಅದರಡಿ ಹೊಸ ಬಟ್ಟೆ ಇರಬೇಕು. ದಶಮಿಯ ಬೆಳಿಗ್ಗೆ ಮಂಗಳಾರತಿ ಮುಗಿಸಿ ಆ ಬಟ್ಟೆಗೇ ಮೊದಲ ಕತ್ತರಿ ಹಾಕಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಹಾಗಾಗಿ ಪ್ರತಿವರ್ಷ ತರಗತಿಯ ದೊಡ್ಡ ಕತ್ತರಿ, ನೂಲಿನ ಡಬ್ಬಿ, ಒಂದು ಥಾನು ಬಟ್ಟೆ ನಮ್ಮ ಮನೆಗೆ ಬಂದು ಹೋಗುತ್ತಿದ್ದವು. ಹಳೆಯ ಅಧ್ಯಕ್ಷೆಗೆ ಇದೆಲ್ಲ ಗೊತ್ತಿತ್ತು, ಅವರೇ ಎತ್ತಿ ಕೊಡುತ್ತಿದ್ದರು. ಆ ವರ್ಷ ಅವರು ಬೊಂಬಾಯಿಯ ಮಗನ ಮನೆ ಸೇರಿದ್ದರು. ಅವರ ಜಾಗಕ್ಕೆ ಬಂದವರು ಘಟ್ಟದ ಮೇಲಿನ ಪೇಟೆಯಿಂದ ಮದುವೆಯಾಗಿ ಬಂದ ದೊಡ್ಡ ಮನೆಯ ಸೊಸೆ. ನಾನು ಅವರನ್ನು ಕೇಳಲಿಲ್ಲ. ಪೂಜೆಗೆ ಒಯ್ಯಲು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನವಮಿಯ ಬೆಳಿಗ್ಗೆ ಅವರು ಯಾರೋ ನೆಂಟರಿಗೆ ತರಗತಿ ತೋರಿಸಲು ಬೀಗ ತೆಗೆದಾಗ ಕಪಾಟು ಖಾಲಿ. ಇನ್ನೊಂದು ಬೀಗದ ಕೈ ಇದ್ದದ್ದು ನನ್ನ ಬಳಿ. ಅವರು ನೇರ ಬೈಂದೂರಿನ ಠಾಣೆಗೆ ಹೋಗಿ ದೂರು ಕೊಟ್ಟರು.

“ಹ್ವಾಯ್, ಯಾರಿದ್ರಿ? ಸಂಘದ್ ಕತ್ರಿ, ವಸ್ತ್ರ ಎಲ್ಲ ಇಲ್ಲಿ ಇತ್ತಾ?” ಎಂದ ಪೇದೆ.

ಅಪ್ಪಯ್ಯನೇ ಉತ್ತರ ಕೊಟ್ಟರು. “ಇತ್ತ್. ಕಾಣಿ, ದೇವ್ರೆದುರೇ ಇತ್ತ್. ಆದ್ರೆ ನಾಳೆ ಪೂಜಿ ಆಪಲ್ಲಿವರೆಗೆ ಮುಟ್ಟುಕಾಗ.”

ಈಗ ಕೈಕೋಳ ತೆಗೆಯುತ್ತಾನೆ ಎಂದುಕೊಂಡೆ. ಅವನು ಇಣುಕಿ ನೋಡಿದ, ಕೈಮುಗಿದ, ಜಗಲಿಯಲ್ಲಿ ಕುಳಿತ. “ಗೊತ್ತಿತ್ತ್ ಮಾರಾಯ್ರೆ. ಸ್ಟೇಶನಂಗೂ ಬಂದೂಕು, ಲಾಠಿ ಎಲ್ಲ ಪೂಜಿಗ್ ಇಟ್ಟಿರ್. ನಾನ್ ಬರಿಗೈಯಂಗ್ ಬಂದದ್ದ್ ಕಾಂತಿಲ್ಯಾ?”

ಆರತಿಯಾದ ಮೇಲೆ ಎಲ್ಲವನ್ನೂ ಠಾಣೆಗೆ ತಲುಪಿಸಿ ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆ ಆರತಿ ಆಯಿತು. ಬಟ್ಟೆಗೆ ಕತ್ತರಿ ಹಾಕಲಿಲ್ಲ, ಹಾಕುವ ಧೈರ್ಯ ಯಾರಿಗಿತ್ತು? ಎಲ್ಲವನ್ನೂ ಗಂಟು ಕಟ್ಟಿ, ಕುಂಕುಮವನ್ನೂ ಒರೆಸದೆ, ನಾನೇ ಠಾಣೆಗೆ ಹೊತ್ತೊಯ್ದೆ. ಕೊಟ್ಟರೆ ಮುಗಿಯಿತು ಎಂದು ನಂಬಿದ್ದೆ. ಅಲ್ಲಿ ಅದನ್ನು ಅರಿವೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಊರಿನ ಹಿರಿಯರೊಬ್ಬರ ಜಾಮೀನಿನ ಮೇಲೆ ನನ್ನನ್ನು ಮನೆಗೆ ಬಿಟ್ಟರು. ಕುಂದಾಪುರದ ವಕೀಲರು ಕನ್ನಡಕ ಒರೆಸುತ್ತಾ, ಕೆಲಸಕ್ಕಿಟ್ಟವರ ಸ್ವತ್ತು ಕದ್ದ ಆರೋಪವಮ್ಮ, ಏಳು ವರ್ಷದವರೆಗೂ ಹಾಕಬಹುದು ಎಂದರು.

ಆಮೇಲಿನ ತಿಂಗಳುಗಳಲ್ಲಿ ನಾನು ಬದುಕಿದ್ದು ಹೆದರಿಕೆಯಲ್ಲೇ. ಸೈಕಲ್ಲಿನ ಗಂಟೆ ಕೇಳಿದರೆ ಒಳಗೆ ಓಡಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕೋರ್ಟಿನ ವಾಯಿದೆಯ ದಿನ ಬಸ್ಸಿನಲ್ಲಿ ಗುರುತಿನ ಹೆಂಗಸರು ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಆದರೆ ಹೆದರಿಕೆಯ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಕಟ್ಟಿದವರ ಮೇಲೆ ಒಂದು ದಾವೆ ಹೂಡಬೇಕಿತ್ತು. ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ ಸ್ವಾಮಿ, ನಾನು ದಿನಾ ಮುಟ್ಟಿಕೊಳ್ಳುತ್ತಿದ್ದೆ.

ವಿಚಾರಣೆಯ ದಿನ ಅದೇ ಪೇದೆ ಸಾಕ್ಷಿ. ಸರ್ಕಾರದ ವಕೀಲರು, “ಸಾಮಾನನ್ನು ಆರೋಪಿ ಎಲ್ಲಿ ಅಡಗಿಸಿಟ್ಟಿದ್ದಳು?” ಎಂದು ಕೇಳಿದರು.

“ಅಡಗ್ಸಿ ಇಡ್ಲಿಲ್ಲ ಸ್ವಾಮಿ. ದೀಪ ಹಚ್ಚಿ ಇಟ್ಟಿದ್ರ್. ದಾರಿಂದ್ಲೇ ಕಾಂತಿತ್ತ್.”

“ಹಾಗಾದರೆ ಆ ದಿನವೇ ಯಾಕೆ ವಶಕ್ಕೆ ತೆಗೆದುಕೊಳ್ಳಲಿಲ್ಲ?”

ಪೇದೆ ತಲೆ ತಗ್ಗಿಸಿದ. “ಪೂಜಿಗ್ ಇಟ್ಟದ್ದ್ ಹ್ಯಾಂಗ್ ಮುಟ್ಟುದ್ ಸ್ವಾಮಿ?”

ಕೋರ್ಟಿನಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರೂ ಬಾಯಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಕಟಕಟೆಯ ಕಂಬಿ ಬಿಡಲಿಲ್ಲ. ಕದ್ದವರು ದೀಪ ಹಚ್ಚಿ ಇಡುವುದಿಲ್ಲ ಎಂದು ಹೇಳಿ ಮ್ಯಾಜಿಸ್ಟ್ರೇಟರು ನನ್ನನ್ನು ಬಿಟ್ಟರು.

ನಾನು ತರಗತಿಗೆ ಮರಳಲಿಲ್ಲ. ಮುಂದಿನ ನವಮಿಗೆ ಅಪ್ಪಯ್ಯ ತಮ್ಮ ಹಳೆಯ ಕತ್ತರಿಯನ್ನು ಉಜ್ಜಿ ಇಟ್ಟರು. ಅದರಡಿಗೆ ಅವರೇ ಪೇಟೆಯಿಂದ ತಂದ ಹೊಸ ರವಿಕೆ ಬಟ್ಟೆ. ದೀಪ ಹಚ್ಚಿ, ಹೂ ಏರಿಸಿ, ಕೈಮುಗಿದು ನಿಂತಿದ್ದೆವು. ಅಂಗಳದಾಚೆ ಸೈಕಲ್ಲಿನ ಗಂಟೆ ಕೇಳಿತು.

ಯಾರೋ ಮೀನು ಮಾರುವವನು, ದಾರಿಯಲ್ಲಿ ಹಾಗೇ ಹೋದ. ಆದರೆ ಅಷ್ಟರಲ್ಲಿ ನಾನು ದೇವರೆದುರಿನ ಬಟ್ಟೆಯನ್ನು ಎಳೆದು ಸೆರಗಿನೊಳಗೆ ಅಡಗಿಸಿಕೊಂಡಿದ್ದೆ. ಕತ್ತರಿ ಜಾರಿ ನೆಲಕ್ಕೆ ಬಿದ್ದಿತ್ತು. ನಮ್ಮದೇ ಬಟ್ಟೆ, ನಮ್ಮದೇ ಕತ್ತರಿ. ಅಪ್ಪಯ್ಯ ಬೈಯಲಿಲ್ಲ. ಮಂಜುಗಣ್ಣಿನಲ್ಲಿ ನನ್ನ ಕಡೆ ನೋಡಿ, ಹೋಗಿ ಬಾಗಿಲು ಹಾಕಿ ಬಂದರು.