ಹಿಂಬಾಗಿಲ ಮೆಟ್ಟಿಲ ಮೇಲಿನ ಬಿಸಿ ಪ್ಲಗ್

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಹುಬ್ಬಳ್ಳಿಯ ಬೆಂಗೇರಿಯ ಮೆಕ್ಯಾನಿಕ್. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಬಿಟ್ಟು ಬೇರೆ ಯಾವುದನ್ನೂ ನಂಬಿದವನಲ್ಲ. ಇದು ನನ್ನ ಕೈಯನ್ನೇ ಸುಟ್ಟ ಸಂಗತಿ, ಅದಕ್ಕೇ ಹೇಳುತ್ತಿದ್ದೇನೆ.

ಧಾರವಾಡದ ಅಂಚಿನ ಬಂಗಲೆಗಳಿಗೆ ಇನ್ನೂ ಕರೆಂಟು ಬಂದಿಲ್ಲ. ಅಲ್ಲಿನ ವಕೀಲರೊಬ್ಬರ ಮನೆಯಲ್ಲಿ ದೀಪಕ್ಕೆಂದು ಪುಟ್ಟ ಪೆಟ್ರೋಲ್ ಎಂಜಿನ್ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವನು ಹುಸೇನಸಾಬ್. ನಾವಿಬ್ಬರೂ ಒಬ್ಬನೇ ಉಸ್ತಾದನ ಕೈಯಲ್ಲಿ ಕೆಲಸ ಕಲಿತವರು, ಆದರೆ ಊರೆಲ್ಲ ಅವನನ್ನೇ ಕರೆಯುತ್ತಿತ್ತು. ಕಿವಿಯಲ್ಲಿ ಅತ್ತರದ ಹತ್ತಿ ಸಿಕ್ಕಿಸಿಕೊಂಡು ನವಾಬನ ಹಾಗೆ ಬರುತ್ತಿದ್ದ... ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ಉರಿಯುತ್ತದೆ.

ಅವನದೊಂದು ಯುಕ್ತಿ ಇತ್ತು. ಮಳೆಗಾಲದಲ್ಲಿ ಎಂಜಿನ್ ಹಟ ಹಿಡಿದರೆ, ಅದರೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು ಸಣ್ಣಗೆ ಕೆಮ್ಮುತ್ತಿದ್ದ. ಅಡುಗೆಯ ಗಂಗಕ್ಕ ಮಡಿಯವಳು, ಕಣ್ಣು ಮಂಜು. ಕೆಮ್ಮು ಕೇಳಿ ಬಂದು, ಪ್ಲಗ್ಗನ್ನು ಚಿಮಟದಿಂದ ಎತ್ತಿ, ಬಚ್ಚಲೊಲೆಯ ಕೆಂಡದಲ್ಲಿ ಕಾಯಿಸಿ, ಮತ್ತೆ ಮೆಟ್ಟಿಲ ಮೇಲಿಡುತ್ತಿದ್ದಳು. ಬಿಸಿ ಪ್ಲಗ್ ಹಾಕಿದೊಡನೆ ಎಂಜಿನ್ ಚಾಲೂ!

ಒಂದು ಮಳೆಗಾಲ ಹುಸೇನಸಾಬ್ ಜ್ವರ ಬಂದು ತೀರಿಕೊಂಡ. ಸ್ವಲ್ಪ ದಿನಕ್ಕೆ ವಕೀಲರು ನನ್ನನ್ನು ಕರೆಸಿದರು. ಮಗಳ ನಿಶ್ಚಯಕ್ಕೆ ಬೀಗರು ಬಂದು ಕೂತಿದ್ದರು, ಎಂಜಿನ್ ಕೈಕೊಟ್ಟಿತ್ತು.

“ಇವತ್ತ ದೀಪಾ ಹಚ್ಚಿಕೊಡ್ರಿ ಮಲ್ಲಪ್ಪ, ಇನ್ನ ಮುಂದ ಈ ಮನಿ ಕೆಲಸಾ ನಿಮ್ಮದ. ಇಲ್ಲಾಂದ್ರ ಬೆಳಗಾವಿಯಿಂದ ಯಾರನ್ನರೆ ಕರಸ್ತೇನಿ,” ಅಂದರು.

ಅವರ ಹೆಂಡತಿ ಬಾಗಿಲ ಮರೆಯಿಂದ ನಿಟ್ಟುಸಿರಿಟ್ಟರು. “ಹುಸೇನಸಾಬ್ ಇದ್ದಿದ್ರ ಇಷ್ಟೊತ್ತಿಗೆ ಹತ್ತಿರ್ತಿತ್ತು.”

ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಅವತ್ತು ನನಗೆ ತಿಳಿಯಿತು.

ಹಿತ್ತಲಲ್ಲಿದ್ದ ಎಂಜಿನ್ ಕೋಣೆಗೆ ಹೋದೆ. ಪೆಟ್ರೋಲಿನ ಹತ್ತಿರ ಬೆಂಕಿ ಬೇಡವೆಂದು ಕಂದೀಲನ್ನು ಹೊರಗೇ ನೇತುಹಾಕಿದೆ. ಟ್ಯಾಂಕಿನ ತಳದ ನೀರು ಬಸಿದೆ. ಕಾರ್ಬೊರೇಟರಿನ ಕಸ ಊದಿದೆ. ಹಗ್ಗ ಸುತ್ತಿ ಎಳೆದೆ... ಫಸ್ಸ್. ಮತ್ತೆ ಎಳೆದೆ... ಫಸ್ಸ್.

ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಕಾಯಿಸಬೇಕೆಂದು ನನಗೂ ಗೊತ್ತಿತ್ತು. ಆದರೆ ಅದು ಅವನ ಯುಕ್ತಿ! ಅವನ ಮೆಟ್ಟಿಲಿಗೆ ನಾನು ಹೋಗುವುದೇ? ಪ್ಲಗ್ಗನ್ನು ಒರೆಸಿ ಅರಿವೆಯ ಮೇಲಿಟ್ಟು, ಹಗ್ಗ ಬಿಡಿಸಲು ತಿರುಗಿದೆ.

ಪೆಟ್ರೋಲಿನ ವಾಸನೆಯ ನಡುವೆ ಅತ್ತರು ಘಮ್ಮೆಂದಿತು...

ಹೊರಗೆ ಯಾರೋ ಸಣ್ಣಗೆ ಕೆಮ್ಮಿದರು.

ಕೈಯಾಡಿಸಿದೆ. ಅರಿವೆ ಇತ್ತು, ಪ್ಲಗ್ ಇರಲಿಲ್ಲ. ನೆಲವನ್ನೆಲ್ಲ ತಡಕಿದೆ. ಕೊನೆಗೆ ಕಂದೀಲು ತೆಗೆದುಕೊಂಡು ಹಿಂಬಾಗಿಲಿಗೆ ಬಂದೆ. ಗಂಗಕ್ಕ ಚಿಮಟದಿಂದ ಏನನ್ನೋ ಮೆಟ್ಟಿಲ ಮೇಲಿಡುತ್ತಿದ್ದಳು.

“ತಗೋರಿ ಹುಸೇನಸಾಬ್, ಛಲೋ ಕಾಯಿಸೇನಿ.” ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. “ಅಯ್ಯ, ನೀವ್ಯಾರ? ಅವರೆಲ್ಲಿ ಹ್ವಾದ್ರು?”

“ಇದನ್ನ ಇಲ್ಲಿ ಯಾರ ಇಟ್ರು, ಅಕ್ಕಾ?”

“ಹುಸೇನಸಾಬ್ರ, ಮತ್ಯಾರು? ಕೆಮ್ಮಿದ್ದು ಕೇಳಿಸ್ತಲ್ಲ. ನಿಮಗ ಅತ್ತರದ ವಾಸನಿ ಬರಲಿಲ್ಲೇನು?”

ಕಂದೀಲು ಎತ್ತಿ ಹಿತ್ತಲೆಲ್ಲ ನೋಡಿದೆ. “ಅಕ್ಕಾ... ಅಂವಾ ತೀರಿಕೊಂಡಾನ. ನಿಮಗ ಯಾರೂ ಹೇಳಲಿಲ್ಲೇನು?”

ಅವನು ಜ್ವರ ಹಿಡಿದು ಮಲಗುವ ಮೊದಲೇ ಮುಗದ ಎಂಬ ಊರಿನ ತವರಿಗೆ ಹೋಗಿದ್ದ ಗಂಗಕ್ಕ ಅಂದೇ ಮಧ್ಯಾಹ್ನ ಮರಳಿದ್ದಳಂತೆ. ಅವಳ ಕೈಯಿಂದ ಚಿಮಟ ಜಾರಿ ಠಣ್ ಎಂದು ಬಿತ್ತು.

ಗಾಬರಿಯಲ್ಲಿ ಪ್ಲಗ್ಗನ್ನು ಬರಿಗೈಯಲ್ಲೇ ಎತ್ತಿದೆ. ಬೆರಳು ಚುರ್ರೆಂದಿತು. ಹೇಗೋ ಹೆಗಲ ಅರಿವೆಯಲ್ಲಿ ಹಿಡಿದು ಓಡಿಹೋಗಿ ತಿರುಗಿಸಿ ಕೂರಿಸಿದೆ. ಒಂದೇ ಎಳೆತಕ್ಕೆ ಎಂಜಿನ್ ಚಾಲೂ ಆಗಿ, ಬಂಗಲೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿದವು.

ಒಳಗಿನಿಂದ ವಕೀಲರ ಹೆಂಡತಿಯ ದನಿ ಕೇಳಿಸಿತು. “ಕೇಳ್ರಿ ಸಪ್ಪಳಾ! ಥೇಟ್ ಹುಸೇನಸಾಬ್ ಹಚ್ಚಿಧಾಂಗ ಅದ!”

ಆ ಮನೆಯ ಕೆಲಸ ನನ್ನದಾಯಿತು. ಅವತ್ತಿನಿಂದ ಬಿಚ್ಚಿದ ಪ್ಲಗ್ಗನ್ನು ಕೆಳಗಿಡುವುದಿಲ್ಲ, ಮುಷ್ಟಿಯಲ್ಲೇ ಬಿಗಿಹಿಡಿಯುತ್ತೇನೆ. ಆದರೂ ಮಳೆಯ ಕೆಲವು ಸಂಜೆ ಆ ಕೋಣೆಯಲ್ಲಿ ಅತ್ತರು ಘಮ್ಮೆನ್ನುತ್ತದೆ... ಮುಷ್ಟಿಯೊಳಗಿನ ಪ್ಲಗ್ ಮೆಲ್ಲಗೆ ಬಿಸಿಯಾಗತೊಡಗುತ್ತದೆ.

ಆಗ ಮೊದಲ ಎಳೆತಕ್ಕೇ ಎಂಜಿನ್ ಚಾಲೂ ಆಗುತ್ತದೆ. “ಮಲ್ಲಪ್ಪನ ಕೈಗುಣಾ ನೋಡ್ರಿ!” ಅನ್ನುತ್ತಾರೆ ಮನೆಯವರು. ನಾನು ಸುಟ್ಟ ಬೆರಳು ಸವರಿಕೊಳ್ಳುತ್ತೇನೆ. ಭಯವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.