ಫಾದರಿಗೆ ಬಂದ ಜವಾಬು

ಚಿಕ್ಕೋಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪಂಚಾಯತಿ ಅರ್ಜಿಗಳ ನಡುವೆ ವರ್ಷಕ್ಕೊಮ್ಮೆ ಹಾರೂಗೇರಿ ಬಸ್ಸಿಳಿದು ಕ್ಯಾಥೊಲಿಕ್ ಫಾದರ್ ಒಬ್ಬರು ಬರುತ್ತಿದ್ದರು. ಎಪ್ಪತ್ತು ದಾಟಿದವರು, ಅಥಣಿ ಕಡೆಯವರೇ. ಪ್ರೊಟೆಸ್ಟೆಂಟ್ ಪಾಸ್ಟರೊಬ್ಬರ ಕರಪತ್ರಗಳನ್ನು ಖಂಡಿಸಿ ಪುಸ್ತಕ ಬರೆಯುವುದು ಅವರ ಹಟ. ಆರು ಪುಸ್ತಕಗಳನ್ನು ನಾನೇ ಟೈಪ್ ಮಾಡಿದ್ದೆ. ಒಂದಕ್ಕೂ ಪಾಸ್ಟರು ಉತ್ತರ ಕೊಟ್ಟಿರಲಿಲ್ಲ.

"ಬೈದಿದ್ರೂ ನಡೀತಿತ್ತು ತಂಗಿ. ಸುಮ್ನ ಕುಂತಾರಲ್ಲ, ಅದ ನನಗ ಸೋಲು," ಎನ್ನುತ್ತಿದ್ದರು. ಏಳನೆಯದೇ ಕೊನೆಯದೆಂದು ಹೇಳಿ ಹಸ್ತಪ್ರತಿ ಮೇಜಿನ ಮೇಲಿಟ್ಟರು.

ಮಾತಿನಲ್ಲಿ ನಮ್ಮಂತೆಯೇ ಇದ್ದವರು, ಬರೆಯಲು ಕುಳಿತರೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಕಲಿತ ಭಾರದ ಕನ್ನಡ ಹೊತ್ತುಕೊಳ್ಳುತ್ತಿದ್ದರು. ನಾನೂ ಅಕ್ಷರ ನೋಡಿ ಹೊಡೆಯುವವಳೇ ಹೊರತು ಅರ್ಥ ಹುಡುಕಿದವಳಲ್ಲ. ಆ ಸಲ ಮಾತ್ರ ಪುಟಪುಟಕ್ಕೂ 'ಬಲಿಪೂಜೆ' ಬಂದು ನನ್ನ ಕೈ ನಿಂತಿತು.

"ಫಾದರ್, ಐತವಾರಕ್ಕೊಮ್ಮೆ ಬಲಿ ಅಂತ ಬರದೀರಿ. ಕುರಿನೋ, ಕೋಳಿನೋ?"

ಅವರು ಚಹಾದ ಕಪ್ಪು ಕೆಳಗಿಟ್ಟರು. "ಏನಂದಿ?"

"ತಪ್ಪಾತೇನ್ರಿ? ನಮ್ಮ ಅತ್ತಿನೂ ಕೇಳಾಕತ್ತಿದ್ರು, ಚರ್ಚಿನ್ಯಾಗ ಎಲ್ಲಿ ಕಡೀತಾರ ಅಂತ."

ಕೆಮ್ಮು ಬರುವಷ್ಟು ನಕ್ಕರು. "ರೊಟ್ಟಿ, ತಂಗಿ, ರೊಟ್ಟಿ! ಮ್ಯಾಲ ಒಂದೀಟು ದ್ರಾಕ್ಷಾರಸ. ಯೇಸುಸ್ವಾಮಿ ತನ್ನನ್ನ ತಾನ ಕೊಟ್ಟದ್ದಕ್ಕ ಬಲಿ ಅಂತೀವಿ." ಮತ್ತೆ ಗಂಭೀರರಾದರು. "ಆರು ಪುಸ್ತಕ ಟೈಪ್ ಮಾಡಿದಾಕಿಗೇ ತಿಳದಿಲ್ಲ ಅಂದ್ರ, ಓದಿದವ್ರಿಗೆ ಏನ್ ತಿಳದಿರಬೇಕು?"

ಹಸ್ತಪ್ರತಿಯನ್ನು ವಾಪಸು ಒಯ್ದರು. ತಿಂಗಳಾದ ಮೇಲೆ ಹೊಸದಾಗಿ ಬರೆದು ತಂದಾಗ ಮೊದಲ ಸಾಲೇ 'ಕುರಿಯೂ ಅಲ್ಲ, ಕೋಳಿಯೂ ಅಲ್ಲ' ಎಂದಿತ್ತು. ನನ್ನಿಂದ ಗಟ್ಟಿಯಾಗಿ ಓದಿಸಿದರು. ನಾನು ತಡವರಿಸಿದ ಕಡೆಯೆಲ್ಲ ಕೆಂಪು ಗೆರೆ ಎಳೆದರು.

ಪುಸ್ತಕ ಹಂಚಿದ ಕೆಲವೇ ವಾರಗಳಲ್ಲಿ ಆ ಪಾಸ್ಟರು ನನ್ನ ಅಂಗಡಿಗೇ ಬಂದರು, ಕೈಯಲ್ಲಿ ದಪ್ಪನೆಯ ನೋಟ್‌ಬುಕ್ಕು.

"ಇದನ್ನ ಟೈಪ್ ಮಾಡ್ರಿ ಅಕ್ಕಾರ. ನಿಮ್ಮ ಫಾದರಿಗೆ ಜವಾಬು."

"ಇಷ್ಟ್ ವರ್ಷ ಕೊಡ್ಲಿಲ್ಲಲ್ರಿ?"

"ತಿಳದಿದ್ರ ಕೊಡ್ತಿದ್ದೆ! ಈ ಸಲ ಪೂರಾ ತಿಳೀತು. ಅದಕ್ಕ ಸಿಟ್ಟು ಬಂತು."

"ಅವ್ರಿಗೆ ಹೇಳ್ಲೇನ್ರಿ?"

"ಹೇಳ್ರಿ, ಹೇಳ್ರಿ. ಹೆದರ್ಲಿ."

ಅವರೆದುರಿಗೇ ಫಾದರಿಗೆ ಫೋನ್ ಹಚ್ಚಿ ಜವಾಬು ಬಂದ ಸುದ್ದಿ ಹೇಳಿದೆ.

"ಎಷ್ಟು ಪುಟ?" ಎಂದು ಫಾದರ್ ಕೇಳಿದರು.

"ಎಂಬತ್ತರ ಮ್ಯಾಲ ಐತ್ರಿ."

"ನಂದಕ್ಕಿಂತ ದೊಡ್ಡದು!" ಚರ್ಚಿನ ಅಂಗಳಕ್ಕೆಲ್ಲ ಕೇಳುವಂತೆ ಅದನ್ನೇ ಎರಡು ಸಲ ಕೂಗಿದರು. ಆಮೇಲೆ ನನಗೆ, "ತಂಗಿ, ಅವರದೂ ಚಲೋ ಮಾಡಿ ಕೊಡು. ತಿಳೀದಿದ್ದಲ್ಲಿ ನಿಂದರಿಸಿ ಕೇಳು, ಬಿಡಬ್ಯಾಡ," ಎಂದರು.

ಪಾಸ್ಟರನ್ನು ಎದುರಿಗೇ ಕೂರಿಸಿಕೊಂಡು ಟೈಪ್ ಮಾಡತೊಡಗಿದವಳು, ಮೂರನೆಯ ಪುಟದಲ್ಲೇ ಕೈ ನಿಲ್ಲಿಸಿ, "ಹಂಗಂದ್ರೇನ್ರಿ?" ಎಂದು ಕೇಳಿದೆ.